ಕೆಂಪು ದೀಪ ಉರಿಯುತ್ತಿತ್ತು, ದನಿ ಇರಲಿಲ್ಲ

ಮಳೆಗೆ ನೆಂದ ಈರುಳ್ಳಿ ಚೀಲದ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸೋದು ಕಷ್ಟ. ಒದ್ದೆ ಗೋಣಿ, ಅದರೊಳಗೆ ಬೆವರೋಕೆ ಶುರುವಾದ ಗೆಡ್ಡೆ, ಅದಕ್ಕೆ ಒಗ್ಗರಣೆ ಹಾಕಿದ ಹಾಗೆ ರೈಲಿನ ಹೊಗೆ. ಮೊನ್ನೆ ನಮ್ಮ ಆರ್ಕೆಸ್ಟ್ರಾದ ವ್ಯಾನು ಅಜ್ಜಂಪುರದ ಸ್ಟೇಷನ್ ರಸ್ತೆಗೆ ತಿರುಗಿದ್ದೇ ತಡ, ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಡ್ರಮ್ಮಿನವನು ಮೂಗು ಮುಚ್ಚಿಕೊಂಡು, ಇದೆಂಥ ಊರಯ್ಯಾ ನಿಂದು ಅಂದ. ನಾನು ಗಾಜನ್ನು ಇನ್ನೊಂದಿಷ್ಟು ಸರಿಸಿ ಮುಖ ಹೊರಗೆ ಹಾಕಿದೆ. ವ್ಯಾನಿನವರು ವಾಂತಿ ಅಂದುಕೊಂಡು ನಿಂಬೆಹಣ್ಣು ಹುಡುಕಿದರು. ಹುಡುಕಲಿ ಅಂತ ಬಿಟ್ಟೆ.

ನಾನು ಮಿಮಿಕ್ರಿ ಸೋಮ. ಗಾಯಕಿ ಸೀರೆ ಬದಲಾಯಿಸುವಾಗ, ಗಿಟಾರಿನ ತಂತಿ ಕಿತ್ತಾಗ, ಕರೆಂಟು ಹೋಗಿ ಬಂದಾಗ ವೇದಿಕೆಗೆ ನನ್ನನ್ನು ತಳ್ಳುತ್ತಾರೆ. ನಾಯಿ, ಮಂತ್ರಿ, ಪಾತ್ರೆಗೆ ಕಲಾಯಿ ಹಾಕೋನು, ದಿಬ್ಬ ಹತ್ತಲಾರದ ಬಸ್ಸು, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಪಿಯುಸಿ ಫಲಿತಾಂಶದ ಹಲಗೆಯ ಮುಂದೆ ನಿಂತು ತನ್ನ ನಂಬರನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಆಮೇಲೆ ಹಲಗೆಯ ಹಿಂಭಾಗದಲ್ಲೂ ಹುಡುಕುವ ಹುಡುಗನ ಐಟಂಗೆ ಎಲ್ಲ ಊರಲ್ಲೂ ಚಪ್ಪಾಳೆ ಬೀಳುತ್ತೆ. ಅದು ಮಿಮಿಕ್ರಿ ಅಲ್ಲ, ನನ್ನ ಆತ್ಮಚರಿತ್ರೆ ಅಂತ ಯಾರಿಗೂ ಹೇಳಿಲ್ಲ.

ಆ ಹಲಗೆ ಇದ್ದದ್ದು ಕಡೂರಿನಲ್ಲಿ. ಆ ಮುಖ ಹೊತ್ತುಕೊಂಡು ಯಗಟಿಯ ಮನೆಗೆ ಹೋಗೋಕೆ ನಾಚಿಕೆಯಾಗಿ ಕಡೂರಲ್ಲೇ ರೈಲು ಹತ್ತಿ ಅಜ್ಜಂಪುರದ ಗಂಗತ್ತೆಯ ಮನೆಗೆ ಬಂದುಬಿಟ್ಟೆ. ಗಂಗತ್ತೆ ನಮ್ಮಪ್ಪನ ತಂಗಿ. ಅವಳ ಗಂಡ ರುದ್ರಪ್ಪ ಮಾವನಿಗೆ ಊರಾಚೆ ಎರೆಹೊಲ, ಹೊಲದ ತುಂಬ ಈರುಳ್ಳಿ. ಮಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಈ ಕಾಲು ಚೀಲ ಹೊರೋ ಕಾಲಲ್ಲ, ಬಾಯಿ ಒಂದು ಗಟ್ಟಿಯಾಗಿದೆ, ಬಾಯಿಗೆ ಕೆಲಸ ಇರೋ ಕಡೆ ಹಾಕೋಣ ಅಂತ ಗಫಾರ್ ಸಾಬರ ಮೈಕ್ ಸೆಟ್ ಅಂಗಡಿಗೆ ಕರೆದುಕೊಂಡು ಹೋದ.

ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು, ಮೈಕ್ ಸೆಟ್ಟಿನಲ್ಲಿ ಬಾಯಿಗೆ ಕೆಲಸವೇ ಇಲ್ಲ. ಕಂಬ ಹತ್ತಬೇಕು, ಹುಣಸೆಮರ ಹತ್ತಬೇಕು, ಹಾರನ್ ಕಟ್ಟಬೇಕು, ವೈರು ಸುತ್ತಬೇಕು. ಗಫಾರ್ ಸಾಬರು ಆಂಪ್ಲಿಫೈಯರ್ ಬಿಟ್ಟು ಕದಲುತ್ತಿರಲಿಲ್ಲ. ಅದೊಂದು ಹಳೇ ವಾಲ್ವಿನ ಪೆಟ್ಟಿಗೆ. ಹಾಕಿದ ಮೇಲೆ ಕಾಯೋಕೆ ಹೊತ್ತು ಬೇಕು. ಕಾದರೆ ಧೂಳು ಸುಟ್ಟ ಬೆಚ್ಚನೆಯ ವಾಸನೆ, ಮುಂದುಗಡೆ ಒಂದು ಕೆಂಪು ದೀಪ. ಮದುವೆ, ಉರುಸು, ಹರಿಕಥೆ, ಎಲೆಕ್ಷನ್ನು, ಸುತ್ತಲಿನ ಯಾವ ಹಳ್ಳಿಯಲ್ಲಿ ಏನೇ ಇರಲಿ, ಆ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ಹೋಗುತ್ತಿತ್ತು. ನಾನು ಹಿಂದೆ ನಡೆಯುತ್ತಿದ್ದೆ.

ಸಾಬರಿಗೆ ಒಂದು ರೂಢಿಯಿತ್ತು. ಮಸೀದಿಗೆ ಆಗಿನ್ನೂ ಮೈಕ್ ಇರಲಿಲ್ಲ. ಬಾಂಗ್ ಕೂಗುತ್ತಿದ್ದವರು ಎದೆಗೂಡಿನ ಮೂಳೆ ಎಣಿಸಬಹುದಾದಂಥ ಒಬ್ಬ ಮುದುಕರು. ಅವರ ದನಿ ಕಿವಿಗೆ ಬಿದ್ದ ಕೂಡಲೇ ಗಫಾರ್ ಸಾಬರು ಭಾಷಣಕಾರ ಯಾರೇ ಆಗಿರಲಿ ವಾಲ್ಯೂಮಿನ ತಿರುಪನ್ನು ಸೊನ್ನೆಗೆ ಇಳಿಸಿ, ತಲೆಗೆ ಕರ್ಚೀಫು ಹಾಕಿಕೊಂಡು ಆ ಕಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ಪೆಟ್ಟಿಗೆ ಮಾತ್ರ ಆರಿಸುತ್ತಿರಲಿಲ್ಲ. ಆರಿಸಿದರೆ ವಾಲ್ವು ಮತ್ತೆ ಕಾಯಬೇಕಲ್ಲ. ಅಮ್ಮನ ಗುಡಿಯಲ್ಲಿ ಮಂಗಳಾರತಿ ಗಂಟೆಯಾದರೂ ಅಷ್ಟೇ, ತಿರುಪು ಸೊನ್ನೆಗೆ. ರೈಲು ಕೂಗಿದರೆ ಮಾತ್ರ ಇಳಿಸುತ್ತಿರಲಿಲ್ಲ. ಅದಕ್ಕೆ ಗಂಟ್ಲು ಗಟ್ಟಿ ಅನ್ನೋರು.

ಯಾಕೆ ಸಾಬ್ರೇ ಇದು ಅಂತ ಶುರುವಿನಲ್ಲಿ ಕೇಳಿದ್ದೆ. "ಆ ಮುದುಕರ ದನಿ ಎಷ್ಟು ದೂರ ಹೋಗ್ತದೆ ಬೇಟಾ? ನಮ್ಮ ಹಾರನ್ನು ಅದರ ಮೇಲೆ ಕಾಲಿಡಬಾರ್ದು" ಅಂದಿದ್ದರು.

ಊರಿಗೆಲ್ಲ ಅದು ಅಭ್ಯಾಸವಾಗಿಹೋಗಿತ್ತು. ಹಾರನ್ನು ನಿಂತಿತು ಅಂದರೆ ಭಾಷಣ ಮಾಡೋನು ಸೊಲ್ಲು ಅರ್ಧಕ್ಕೆ ಬಿಟ್ಟು ಇಳಿದು ನೀರು ಕುಡಿಯೋನು. ಜನ ಕೂತಲ್ಲೇ ಬೀಡಿ ಹಚ್ಚೋರು, ಹೆಂಗಸರು ಮಕ್ಕಳನ್ನು ಮೂಲೆಗೆ ಕರೆದುಕೊಂಡು ಹೋಗಿ ಬರೋರು. ಬಾಂಗ್ ಮುಗಿದ ಮೇಲೆ ಸಾಬರು ಎದ್ದು ತಿರುಪು ಏರಿಸಿ, ಮೈಕಿಗೆ ಒಂದು ಸಲ ಉಫ್ ಅಂತ ಊದಿ, "ಹೂಂ, ಹೇಳಿ ಸ್ವಾಮಿ" ಅನ್ನೋರು. ಆಗ ಸಭೆ ಮತ್ತೆ ನಡೆಯುತ್ತಿತ್ತು. ಇಷ್ಟೆಲ್ಲ ಜನಕ್ಕೆ ದನಿ ಕೊಟ್ಟ ಮನುಷ್ಯ ತಾನು ಮೈಕಿನಲ್ಲಿ ಆಡಿದ ಮಾತು ಅದೊಂದೇ.

ಆ ದನಿಯನ್ನು ಎತ್ತೋಕೆ ನಾನು ಮಾಡದ ಪ್ರಯತ್ನವಿಲ್ಲ. ಮಾವನ ಕೆಮ್ಮು ಬಂತು, ಗಂಗತ್ತೆಯ ಗೊಣಗಾಟ ಬಂತು, ಸ್ಟೇಷನ್ ಮಾಸ್ಟರರ ಸೀನು ಕೂಡ ಬಂತು. ಸಾಬರದು ಬರಲಿಲ್ಲ. ಅದಕ್ಕೆ ಹಿಡಿಯೇ ಇರಲಿಲ್ಲ. ಯಾವ ಕಡೆಯಿಂದ ಎತ್ತಿದರೂ ಜಾರುತ್ತಿತ್ತು.

ಆ ವರ್ಷ ಈರುಳ್ಳಿ ಚೆನ್ನಾಗಿ ಬಂತು. ಅದೇ ತೊಂದರೆಯಾಯ್ತು. ಎಲ್ಲರೂ ಕಿತ್ತು, ಕೊಯ್ದು, ಚೀಲ ತುಂಬಿ ಸ್ಟೇಷನ್ ಅಂಗಳಕ್ಕೆ ತಂದು ಹಾಕಿದರು. ಬರಬೇಕಾದ ಗೂಡ್ಸ್ ಡಬ್ಬಿಗಳು ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದರು. ಡಬ್ಬಿ ಬರೋ ಬದಲು ಚಿತ್ತೆ ಮಳೆ ಬಂತು. ಹಗಲು ಬಿಸಿಲು, ಮಧ್ಯಾಹ್ನ ಇಳಿದರೆ ಮಳೆ. ಟಾರ್ಪಾಲು ಹೊದಿಸಿದರೆ ಒಳಗೆ ಬೆವರುತ್ತೆ, ತೆಗೆದರೆ ನೆನೆಯುತ್ತೆ. ಹೊದಿಸೋದು ತೆಗೆಯೋದು, ಊರಿಗೆ ಊರೇ ಅದೇ ಕೆಲಸ. ವಾಸನೆ ಏಳೋಕೆ ಶುರುವಾದ ಮೇಲೆ ರೈತರು ರಾಶಿಗಳ ಮುಂದೆಯೇ, ಸ್ಟೇಷನ್ನಿಗೆ ಹೋಗೋ ದಾರಿಯಲ್ಲಿ ಕೂತರು. ಡಬ್ಬಿ ಕೊಡೋವರೆಗೂ ಏಳೋದಿಲ್ಲ ಅಂದರು. ನಮ್ಮ ಮೈಕು ಅಲ್ಲಿಗೆ ಹೋಯ್ತು. ಒಂದು ಎತ್ತಿನ ಗಾಡಿಯೇ ವೇದಿಕೆ, ಗಾಡಿ ಕೆಳಗೆ ಮಳೆ ಬೀಳದ ಹಾಗೆ ಸಾಬರು, ಪೆಟ್ಟಿಗೆ. ಅಂಗಳದ ಆ ತುದಿಯ ಹುಣಸೆಮರದಲ್ಲಿ ಒಂದು ಹಾರನ್ನು, ಹಾರನ್ನಿನ ಪಕ್ಕ ನಾನು.

ಅದೇ ತಿಂಗಳು ಊರಿಗೆ ಹೊಸ ಎಸ್‌ಐ ಬಂದಿದ್ದರು. ಕರಾವಳಿ ಕಡೆಯವರು, ವಯಸ್ಸು ಚಿಕ್ಕದು, ಇಸ್ತ್ರಿ ಮಾಡಿದ ಹಾಗೆ ಮಾತು. ನನಗಂತೂ ಹಬ್ಬ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳೋದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳೋದು, ಆಮೇಲೆ "ನೀವು ದಾರಿಯನ್ನು ಬಿಡಬೇಕಲ್ಲ ಮಾರಾಯ್ರೇ" ಅನ್ನೋದು. ವಾರದೊಳಗೆ ನಂಜಣ್ಣನ ಹೋಟೆಲಿನಲ್ಲಿ ನಾನು ಅದನ್ನು ಮಾಡಿದರೆ ಕಾನ್‌ಸ್ಟೇಬಲ್ಲುಗಳೇ ಇನ್ನೊಂದ್ಸಲ ಮಾಡೋ ಅನ್ನೋರು. ಮನುಷ್ಯ ಕೆಟ್ಟವರಲ್ಲ. ಮೊದಲ ದಿನಗಳಲ್ಲಿ ಬಂದು ರೈತರ ಜೊತೆ ಚೀಲದ ಮೇಲೆ ಕೂತು, ಮೇಲಿನವರಿಗೆ ಬರೆದಿದ್ದೇನೆ ಅಂತಲೂ ಹೇಳಿದ್ದರು. ಆಮೇಲೆ ಮೇಲಿನವರು ಏನು ಬರೆದರೋ, ಒಂದು ಸಂಜೆ ತರೀಕೆರೆಯಿಂದ ವ್ಯಾನಿನಲ್ಲಿ ಪೊಲೀಸರು ಬಂದು ಇಳಿದರು. ರೈಲು ತಡೀತಾರೆ ಅಂತ ಯಾರೋ ಸುದ್ದಿ ಕೊಟ್ಟಿದ್ದರಂತೆ.

ಮಾವ ಗಾಡಿಯ ಮೇಲೆ ನಿಂತು ಮಾತಾಡುತ್ತಿದ್ದ. "ನಾವು ಯಾರಿಗೂ ಅಡ್ಡ ಇಲ್ಲ, ನಮಗೆ ಬೇಕಾಗಿರೋದು" ಅನ್ನೋವಷ್ಟರಲ್ಲಿ ಹಾರನ್ನು ನಿಂತಿತು. ಬಾಂಗು. ಮಾವ ಇಳಿದು ನೀರಿನ ಗಡಿಗೆಯ ಕಡೆ ಹೋದ. ಸಣ್ಣಗೆ ಹನಿಯುತ್ತಿದ್ದರಿಂದ ಮುಂದಿನ ಸಾಲಿನವರು ಎದ್ದು ರಾಶಿಗೆ ಟಾರ್ಪಾಲು ಎಳೆಯೋಕೆ ಹೋದರು. ಉಳಿದವರು ಕೂತರು, ಬೀಡಿಗೆ ಕಡ್ಡಿ ಗೀರಿದರು. ಸ್ಟೇಷನ್ನಿನಲ್ಲಿ ನಿಂತಿದ್ದ ಇಂಜಿನ್ನು ಬುಸುಗುಡುತ್ತಿತ್ತು. ಮರದ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಎಸ್‌ಐ ಗಾಡಿ ಹತ್ತಿ ನಿಂತದ್ದು ನೋಡಿದೆ. ಪೊಲೀಸರಿಗೆ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ಇಳಿದರು, ವಾಚು ನೋಡುತ್ತಾ ನಿಂತರು. ಬಾಂಗು ಮುಗಿಯಿತು. ಸಾಬರು ಇನ್ನೊಂದಿಷ್ಟು ಹೊತ್ತು ಪ್ರಾರ್ಥನೆ ಮಾಡಿ, ಗಾಡಿಯ ಕೆಳಗಿಂದ ಕರ್ಚೀಫು ಮಡಚುತ್ತಾ ಎದ್ದರು. ಉಫ್ ಅಂತ ಊದಲೇ ಇಲ್ಲ. ಅಷ್ಟರಲ್ಲಿ ಪೊಲೀಸರ ಸೀಟಿ ಕೂಗಿತು.

ಆಮೇಲಿನದನ್ನು ನಾನು ಯಾವತ್ತೂ ಮಾಡಿ ತೋರಿಸಿಲ್ಲ. ಲಾಠಿ ಗೋಣಿಚೀಲದ ಮೇಲೆ ಬಿದ್ದರೆ ಒಂದು ಸದ್ದು, ಮನುಷ್ಯನ ಮೇಲೆ ಬಿದ್ದರೆ ಇನ್ನೊಂದು. ಎರಡೂ ನನಗೆ ಬರುತ್ತೆ. ಮಾಡೋದಿಲ್ಲ.

ಮಾವ ತಲೆಗೆ ಬಿದ್ದ ಏಟನ್ನು ಬಲಗೈಯಲ್ಲಿ ತಡೆದಿದ್ದ. ಮೊಣಕೈ ಕೆಳಗೆ ಮುರಿದಿತ್ತು. ತರೀಕೆರೆ ಆಸ್ಪತ್ರೆಯಲ್ಲಿ ಹಿಟ್ಟಿನ ಕಟ್ಟು ಹಾಕಿದರು. ಕಟ್ಟು ಒಣಗೋ ಮುಂಚೆ ಕೇಸೂ ಹಾಕಿದರು. ಅಕ್ರಮ ಕೂಟ, ಐದು ನಿಮಿಷದಲ್ಲಿ ಚದುರಿ ಅಂತ ಎಚ್ಚರಿಕೆ ಕೊಟ್ಟರೂ ಕದಲಲಿಲ್ಲ, ರುದ್ರಪ್ಪನೇ ಮುಂದಾಳು. ಎಚ್ಚರಿಕೆ ಕೊಟ್ಟದ್ದು ನಿಜವಾದರೆ ಮಾವ ಜೈಲಿಗೆ. ಕೊಡಲಿಲ್ಲ ಅಂತಾದರೆ ಹೊಡೆದವರು ಉತ್ತರ ಹೇಳಬೇಕು. ತರೀಕೆರೆಯ ಎಸಿ ಸಾಹೇಬರು ವಿಚಾರಣೆ ಮಾಡುತ್ತಾರೆ ಅಂತ ಡಂಗುರ ಆಯ್ತು.

ಅವತ್ತಿಂದ ನಂಜಣ್ಣನ ಹೋಟೆಲಿನ ಬೆಂಚುಗಳು ಒಡೆದು ಎರಡಾದವು. ಗೋಡೆ ಕಡೆಯದು 'ಹೇಳಿದ್ರು' ಬೆಂಚು, ಬಾಗಿಲ ಕಡೆಯದು 'ಹೇಳ್ಲಿಲ್ಲ' ಬೆಂಚು. ಗೋಡೆ ಬೆಂಚಿನ ಯಜಮಾನರು ರಿಟೈರಾದ ಹೆಡ್‌ಮಾಸ್ತರು. ಒಬ್ಬ ಅಧಿಕಾರಿ ಯೂನಿಫಾರಂ ಹಾಕಿಕೊಂಡು ಸುಳ್ಳು ಹೇಳುತ್ತಾನೆಯೇ, ಹೇಳಿದ ಮೇಲೂ ಏಳದಿದ್ದರೆ ಪೊಲೀಸರು ಆರತಿ ಎತ್ತಬೇಕೇ, ರೈಲಿನಲ್ಲಿದ್ದವರಿಗೆ ಏನಾದರೂ ಆಗಿದ್ದರೆ ಯಾರು ಜವಾಬ್ದಾರಿ ಅಂತ ಅವರ ವಾದ. ಬಾಗಿಲ ಬೆಂಚಿನವರು ದಿನಕ್ಕೊಬ್ಬರು ಎದ್ದು, ನಾನಲ್ಲೇ ಇದ್ದೆ ಮೇಷ್ಟ್ರೇ, ನೊಣ ಹಾರಿದ್ದೂ ಕೇಳಿಸಿತ್ತು, ಚದುರಿ ಅನ್ನೋ ಮಾತು ಕೇಳಿಸಲಿಲ್ಲ ಅನ್ನೋರು. ಹೊಡೆಯೋದಾದರೂ ಮೊಣಕಾಲ ಕೆಳಗೆ ಹೊಡೀಬೇಕು ಅಂತ ರೂಲು ಇದೆಯಪ್ಪಾ ಅಂತ ಹೆಡ್‌ಮಾಸ್ತರೇ ಒಂದು ದಿನ ಒಪ್ಪಿಕೊಂಡರು. ಅದಕ್ಕೆ ಹಮಾಲಿ ತಿಮ್ಮಣ್ಣ, ಕೂತೋನಿಗೆ ಮೊಣಕಾಲೂ ತಲೆಯೂ ಒಂದೇ ಎತ್ತರ ಮೇಷ್ಟ್ರೇ ಅಂದ. ಯಾವ ಬೆಂಚಿನವರೂ ನಗಲಿಲ್ಲ. ನಂಜಣ್ಣ ಮಾತ್ರ ಎರಡೂ ಬೆಂಚಿಗೆ ಒಂದೇ ಕೆಟಲಿನಿಂದ ಚಹಾ ಹಾಕುತ್ತಾ, ಇಬ್ರೂ ಜೋರಾಗಿ ಜಗಳಾಡಿ, ಗಂಟ್ಲು ಒಣಗ್ಲಿ ಅನ್ನೋನು.

ಮನೆಯಲ್ಲಿ ಮಾವ ಎಡಗೈಯಲ್ಲಿ ಮುದ್ದೆ ಮುರಿಯೋಕೆ ಕಲಿಯುತ್ತಿದ್ದ. ಗಂಗತ್ತೆ ಮುರಿದು ಕೊಡೋಕೆ ಹೋದರೆ ಸಿಡುಕೋನು. ಎಡಗೈಯಲ್ಲಿ ಉಣ್ಣೋನ ಮಿಮಿಕ್ರಿ ಮಾಡಿ ನಗಿಸೋಣ ಅಂತ ನಾನೂ ಎಡಗೈಯಲ್ಲಿ ಉಂಡೆ. ಮೈಯೆಲ್ಲ ಸಾರು. ಮಾವ ನಕ್ಕ. ನಕ್ಕು, "ಲೇ, ಜೈಲಲ್ಲಿ ಮುದ್ದೆ ಕೊಡ್ತಾರೇನೋ, ಅಲ್ಲಿಗೂ ಬಂದು ಹಿಂಗೇ ಉಂಡು ತೋರ್ಸು" ಅಂದ. ಅತ್ತೆ ಎದ್ದು ಹಿತ್ತಲಿಗೆ ಹೋದಳು.

ವಿಚಾರಣೆಗೆ ಕೆಲವೇ ದಿನ ಇದ್ದಾಗ ಹೋಟೆಲಿನಲ್ಲಿ ಜಗಳ ಬಿಸಿಯಾಗಿ, ಯಾರೋ ಯಾರದೋ ಅಂಗಿ ಹಿಡಿಯೋ ಮಟ್ಟಕ್ಕೆ ಬಂತು. ನಂಜಣ್ಣ ನನ್ನ ಕಡೆ ನೋಡಿ, ಏನಾದ್ರೂ ಮಾಡೋ ಸೋಮ ಅಂದ. ನನಗೆ ತಕ್ಷಣ ಹೊಳೆದದ್ದು ಎಸ್‌ಐ. ದನಿ ಬೇಡ, ಮರದ ಮೇಲಿಂದ ಕಂಡ ಹಾಗೆ ಬರೀ ಬಾಯಿ ಆಡಿಸಿದರೆ ಇನ್ನೂ ನಗು ಬರುತ್ತೆ ಅನ್ನಿಸಿತು. ಬೆಂಚಿನ ಮೇಲೆ ಹತ್ತಿ ಲೋಟವನ್ನು ಟೋಪಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡೆ. ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆದೆ, ಮುಚ್ಚಿದೆ, ತೆರೆದೆ. ಬಲಗೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದೆ. ಲೋಟವನ್ನು ತಲೆಗೆ ಹಾಕಿಕೊಂಡು ಇಳಿದೆ.

ಮೊದಲು ನಗು ಬಂತು. ಆಮೇಲೆ ಒಂದೊಂದೇ ಬಾಯಿ ಮುಚ್ಚಿತು. ಹೆಡ್‌ಮಾಸ್ತರು ಕನ್ನಡಕ ತೆಗೆದು, "ಐದು ಬೆರಳು ತೋರಿಸಿದರೇನೋ?" ಅಂದರು.

"ಹೂಂ ಸಾರ್."

"ಐದು ನಿಮಿಷ" ಅಂದರು ಹೆಡ್‌ಮಾಸ್ತರು, ಯಾರಿಗೂ ಅಲ್ಲದ ಹಾಗೆ.

ಬಾಗಿಲ ಬೆಂಚಿನ ತುದಿಯಲ್ಲಿ ಗಫಾರ್ ಸಾಬರು ಬಸಿಗೆ ಸುರಿದುಕೊಂಡ ಚಹಾ ಊದುತ್ತಿದ್ದರು. ಬಸಿಯನ್ನು ಕೆಳಗಿಟ್ಟರು. ಅವರ ಮುಖ ನೋಡಿದ ಮೇಲೆ ನನಗೂ ಗೊತ್ತಾಯ್ತು. ಎಸ್‌ಐ ಹೇಳಿದ್ದರು. ಮೈಕಿನಲ್ಲೇ ಹೇಳಿದ್ದರು. ಹತ್ತುವಾಗ ಗಾಡಿ ಕೆಳಗಿನ ಕೆಂಪು ದೀಪ ನೋಡಿಯೇ ಹತ್ತಿರಬೇಕು. ಹೊಸಬರು, ನಮ್ಮೂರಿನ ರೂಢಿ ಅವರಿಗೆ ಯಾರು ಹೇಳಬೇಕು? ಹಾರನ್ನು ಅಂಗಳದ ಆ ತುದಿಯಲ್ಲಿ, ಇಂಜಿನ್ನಿನ ಬುಸುಗಾಟ ಬೇರೆ, ದನಿ ಹಾರನ್ನಿಗೆ ಹೋಗಲಿಲ್ಲ ಅಂತ ಅವರಿಗೆ ತಿಳಿದಿರಲಿಕ್ಕಿಲ್ಲ. ಸಾಬರು ಮಸೀದಿಯ ಕಡೆ ಮುಖ ಮಾಡಿ ಕೂತಿದ್ದರು. ಜನ ಬೀಡಿ ಹಚ್ಚುತ್ತಿದ್ದರು. ಎಚ್ಚರಿಕೆ ಕೊಟ್ಟ ಮೇಲೆ ಇಷ್ಟು ನಿರಾಳವಾಗಿ ಕೂತು ಬೀಡಿ ಸೇದುತ್ತಾರಲ್ಲ, ಎಂಥ ಸೊಕ್ಕು ಅಂತ ಆ ಮನುಷ್ಯನಿಗೆ ಅನ್ನಿಸಿರಬೇಕು.

ಸಾಬರು ಎದ್ದು ಅಂಗಡಿಗೆ ಹೊರಟರು, ನಾನೂ ಹಿಂದೆ ಹೋದೆ. ಬಂದವರೇ ಆಂಪ್ಲಿಫೈಯರಿನ ಮೇಲಿನ ಬಟ್ಟೆ ತೆಗೆದು ಆ ತಿರುಪನ್ನು ನೋಡುತ್ತಾ ಕೂತರು. ಎಸಿ ಸಾಹೇಬರ ಮುಂದೆ ಹೋಗಿ ಹೇಳ್ತೀನಿ ಅಂದರು. ನಾನು ಬೇಡ ಅಂದೆ. ಆಗ ನನಗೆ ಅಷ್ಟು ಬುದ್ಧಿಯಿತ್ತೋ ಭಯವಿತ್ತೋ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳಿದರೆ ಎಸ್‌ಐ ಮಾತು ನಿಜವಾಗುತ್ತೆ, ಮಾವ ಒಳಗೆ ಹೋಗ್ತಾನೆ. ಪ್ರತಿ ಕಾರ್ಯಕ್ರಮಕ್ಕೂ ಮೈಕಿನ ಪರ್ಮಿಷನ್ ಚೀಟಿ ಪೊಲೀಸ್ ಸ್ಟೇಷನ್ನಿಂದಲೇ ಬರಬೇಕು, ಅದು ನಿಲ್ಲುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಂಗಿನಿಂದ ಏಟು ಬಿತ್ತು ಅಂತ ಊರಲ್ಲಿ ಒಬ್ಬ ಹೇಳಿದರೆ ಸಾಕು.

ಅವರು ತಿರುಪನ್ನು ಆ ಕಡೆ ಈ ಕಡೆ ತಿರುಗಿಸಿದರು.

"ನಾನು ಇಷ್ಟು ವರ್ಷ ಬೇರೆಯೋರ ಮಾತು ದೂರ ಕಳ್ಸಿದ್ದೀನಿ ಬೇಟಾ. ನಂದೊಂದು ಮಾತು ಇಲ್ಲೇ ಇಟ್ಕೊಂಡು ಕೂತ್ರೆ ಹೆಂಗೆ?"

ಹೊತ್ತು ಮುಳುಗೋ ಮುಂಚೆ ಅವರೇ ನಡೆದು ಮಾವನ ಮನೆಗೆ ಹೋಗಿ ವಿಷಯ ಹೇಳಿದರು. ಮಾವ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ. ಹೇಳ್ಬೇಡಿ ಅಂತಲೂ ಅನ್ನಲಿಲ್ಲ, ಹೇಳಿ ಅಂತಲೂ ಅನ್ನಲಿಲ್ಲ. ಗಂಗತ್ತೆಯನ್ನು ಕರೆದು ಸಾಬರಿಗೆ ಮಜ್ಜಿಗೆ ಕೊಡೋಕೆ ಹೇಳಿದ.

ತರೀಕೆರೆಗೆ ಒಂದೇ ಬಸ್ಸಿನಲ್ಲಿ ಎಲ್ಲರೂ ಹೋದೆವು. ಎರಡೂ ಬೆಂಚಿನವರು, ಏಟು ತಿಂದವರು, ಸಾಕ್ಷಿಗೆ ಬಂದ ಪೊಲೀಸರು. ಅಂಥ ಬಸ್ಸನ್ನು ನಾನು ಮತ್ತೆ ನೋಡಿಲ್ಲ. ಟಿಕೆಟು ಹರಿಯೋ ಕಂಡಕ್ಟರೂ ಪಿಸುಗುಡುತ್ತಿದ್ದ.

ಎಸಿ ಸಾಹೇಬರ ಕಚೇರಿಯ ಹಾಲಿನಲ್ಲಿ ಮೊದಲು ಎಸ್‌ಐ ಹೇಳಿದರು. ಎಚ್ಚರಿಕೆ ಕೊಟ್ಟೆ, ಐದು ನಿಮಿಷ ಕಾದೆ, ಯಾರೂ ಕದಲಲಿಲ್ಲ. ಆಮೇಲೆ ರೈತರು ಹೇಳಿದರು. ಎಚ್ಚರಿಕೆ ಕೊಡಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ ಅನ್ನೋ ಮುಖದಲ್ಲಿ ಸಾಹೇಬರು ಪೆನ್ನು ಕುಟ್ಟುತ್ತಿದ್ದರು. ಆಗ ಗಫಾರ್ ಸಾಬರು ಎದ್ದು ನಿಂತು ಇಬ್ರೂ ನಿಜ ಹೇಳ್ತಿದ್ದಾರೆ ಸ್ವಾಮಿ ಅಂದರು. ತಿರುಪಿನ ವಿಷಯ ಹೇಳಿದರು.

ಎಸ್‌ಐ ಎದ್ದುಬಿಟ್ಟರು, ಸಾಹೇಬರ ಅಪ್ಪಣೆಯನ್ನೂ ಕೇಳಲಿಲ್ಲ. "ದೀಪ ಉರಿಯುತ್ತಿತ್ತಲ್ಲ ಮಾರಾಯ್ರೇ. ನಾನು ನೋಡಿದ್ದೇನೆ."

"ಉರೀತಿರ್ತದೆ ಸ್ವಾಮಿ. ವಾಲ್ವು ಬಿಸಿಯಾಗಿರ್ಲಿ ಅಂತ ಬಿಟ್ಟಿರ್ತೀನಿ."

ನೋಡಿದವರು ಯಾರಾದರೂ ಇದ್ದಾರಾ ಅಂತ ಸಾಹೇಬರು ಕೇಳಿದಾಗ ಹೆಡ್‌ಮಾಸ್ತರು ನನ್ನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದರು. ಕಂಡದ್ದನ್ನು ಹೇಳು ಅಂದರು ಸಾಹೇಬರು. ಮಾಡಿ ತೋರಿಸಲಾ ಸಾರ್ ಅಂದೆ. ಎಸ್‌ಐ ಅಲ್ಲೇ ಕೈಗೆಟಕುವಷ್ಟು ದೂರದಲ್ಲಿ ನಿಂತಿದ್ದರು. ಅವರ ಎದುರಿಗೇ ಇಲ್ಲದ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ಬಾಯಿ ಆಡಿಸಿದೆ. ಐದು ಬೆರಳು ಎತ್ತಿದೆ. ಅಷ್ಟು ನಿಖರವಾಗಿ ನಾನು ಯಾರನ್ನೂ ಮಾಡಿರಲಿಲ್ಲ. ಅಷ್ಟು ನಿಶ್ಶಬ್ದ ಸಭೆಯೂ ನನಗೆ ಸಿಕ್ಕಿರಲಿಲ್ಲ. ಎಸ್‌ಐ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ನೆಲ ನೋಡಿದರು.

ಹಿಂದಿನಿಂದ ಒಂದು ದನಿ, ಹಂಗಾದ್ರೆ ತಪ್ಪೆಲ್ಲ ಸಾಬ್ರದ್ದೇ ಆಯ್ತಲ್ಲ ಅಂತು. ಯಾರದೋ ಗೊತ್ತಾಗಲಿಲ್ಲ. ನನಗೆ, ದನಿಗಳ ವ್ಯಾಪಾರ ಮಾಡೋನಿಗೆ, ಇವತ್ತಿಗೂ ಅದು ಯಾರ ದನಿ ಅಂತ ಗೊತ್ತಾಗಿಲ್ಲ.

ಮಾವ ಎದ್ದ. ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ.

"ಸಾಬ್ರು ಆಗ ಮೈಕ್ ಇಳಿಸ್ತಾರೆ ಅಂತ ನಮ್ಮೂರಲ್ಲಿ ಎತ್ತಿಗೂ ಗೊತ್ತು ಸ್ವಾಮಿ. ಅದಕ್ಕೇ ನಾವು ಸುಮ್ನೆ ಕೂತಿದ್ವಿ. ನನ್ನ ಮಾತು ಅರ್ಧಕ್ಕೆ ನಿಂತಿತ್ತು. ಅವರು ಹೂಂ ಹೇಳಿ ಅನ್ನೋದನ್ನ ಕಾಯ್ತಾ ನೀರು ಕುಡೀತಿದ್ದೆ. ಈ ಎಸ್‌ಐ ಹೇಳಿದ್ರು, ಒಪ್ಕೊಂಡೆ. ನಮಗೆ ಕೇಳಿಸ್ತೋ ಇಲ್ವೋ ಅಂತ ಒಂದ್ಸಲ ಯಾರನ್ನಾದ್ರೂ ಕೇಳಿದ್ರಾ? ಪಕ್ಕದಲ್ಲೇ ಕೂತಿದ್ವಲ್ಲ. ಸುಮ್ನೆ ಕೂತಿರೋ ಜನಾನ ನೋಡಿ, ಹೊಡೆಯೋ ಮುಂಚೆ ಒಂದು ಮಾತು ಕೇಳ್ಬೋದಿತ್ತು."

ಸಾಹೇಬರು ಪೆನ್ನು ಕುಟ್ಟೋದು ನಿಲ್ಲಿಸಿದರು. ಎಸ್‌ಐ ಏನೋ ಹೇಳೋಕೆ ಬಾಯಿ ತೆರೆದರು. ಆ ಸಲವೂ ದನಿ ಬರಲಿಲ್ಲ.

ರೈತರ ಮೇಲಿನ ಕೇಸು ಬಿದ್ದುಹೋಯ್ತು. ಎಸ್‌ಐಗೆ ವರ್ಗವಾಯ್ತು. ಹೋಗೋ ದಿನ ಮಾವನ ಮನೆಯ ಬಾಗಿಲಲ್ಲಿ ಜೀಪು ನಿಲ್ಲಿಸಿ, ಒಳಗೆ ಬರದೆ, ಕೈ ಹೇಗಿದೆ ಅಂತ ಕೇಳಿ ಹೋದರಂತೆ. ಹೊಡೆದದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ಡಬ್ಬಿಗಳು ಬಂದವು, ಅಷ್ಟು ಹೊತ್ತಿಗೆ ತುಂಬೋಕೆ ಅರ್ಧ ರಾಶಿಯೂ ಉಳಿದಿರಲಿಲ್ಲ. ನಂಜಣ್ಣನ ಬೆಂಚುಗಳು ಕೂಡಲಿಲ್ಲ. ಎಚ್ಚರಿಕೆ ಅಂದರೆ ಹೇಳೋದೋ, ಕೇಳಿಸೋದೋ ಅಂತ ಹೊಸ ಜಗಳ ಹತ್ತಿತು. ಹೆಡ್‌ಮಾಸ್ತರು ಮಾತ್ರ ಒಂದು ದಿನ ಲೋಟ ಎತ್ತಿಕೊಂಡು ಬಾಗಿಲ ಬೆಂಚಿಗೆ ಬಂದು ಕೂತರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಂದರು.

ನಾನು ಹೆದರಿದ್ದು ನಿಧಾನವಾಗಿ ಬಂತು. ಯಾರೂ ಸಾಬರಿಗೆ ಒಂದು ಮಾತು ಆಡಲಿಲ್ಲ. ನಮ್ಮೂರ ರಾಜ್ಯೋತ್ಸವ ಯಾವತ್ತೂ ನವೆಂಬರ್ ಕೊನೆಗೇ ನಡೆಯೋದು, ಆ ವರ್ಷ ಅದಕ್ಕೆ ಬೀರೂರಿನಿಂದ ಮೈಕು ಬಂತು. ಹೊಸ ಮಾಡೆಲ್ಲು, ಸೌಂಡು ಚೆನ್ನಾಗಿದೆ ಅಂದರು. ಆಮೇಲೆ ಒಂದು ಮದುವೆಗೆ ಬಂತು, ಇನ್ನೊಂದಕ್ಕೆ ಬಂತು. ಮಾವ ಮನೆಮನೆಗೆ ಹೋಗಿ ಜಗಳಾಡಿದ. ಎಲ್ಲರೂ ಹೌದೌದು ಅಂದರು, ಕರೆಯಲಿಲ್ಲ. ಮಾರ್ಚಿನಲ್ಲಿ ನಾನು ಮತ್ತೆ ಪರೀಕ್ಷೆಗೆ ಕಟ್ಟಿದೆ. ಹೊರಡೋ ದಿನ ಅಂಗಡಿಗೆ ಹೋದರೆ ಸಾಬರು ಪೆಟ್ಟಿಗೆ ಹಾಕಿ, ಯಾರೂ ಇಲ್ಲದ ಅಂಗಡಿಯಲ್ಲಿ ವಾಲ್ವು ಕಾಯಿಸುತ್ತಾ ಕೂತಿದ್ದರು. ಬಳಸದೆ ಇಟ್ರೆ ಕೆಟ್ಟುಹೋಗ್ತದೆ ಬೇಟಾ ಅಂದರು. ಅದೇ ಕೊನೆ. ಆಮೇಲೆ ಅಂಗಡಿ ಮುಚ್ಚಿ ಭದ್ರಾವತಿಗೆ ಮಗಳ ಮನೆಗೆ ಹೋದರು ಅಂತ ಕೇಳಿದೆ. ಹೋಗಿ ನೋಡಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಭದ್ರಾವತಿಯಲ್ಲಿ ಕಾರ್ಯಕ್ರಮ ಸಿಗಲಿ ಅಂತ ಕಾಯುತ್ತಿದ್ದೆ.

ಮೊನ್ನೆ ವ್ಯಾನು ಇಳಿದವನು ನೇರ ಮಾವನ ಮನೆಗೆ ಹೋದೆ. ಕೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿದೆ, ಚೀಲ ಎತ್ತೋಕಾಗಲ್ಲ. ಈಗ ಎಡಗೈಯಲ್ಲಿ ಮುದ್ದೆ ಮುರಿಯೋದು ನೋಡಿದರೆ ಹುಟ್ಟಾ ಎಡಚ ಅನ್ನಬೇಕು. ಕಾರ್ಯಕ್ರಮಕ್ಕೆ ಬನ್ನಿ ಅಂದೆ. ಬತ್ತೀನಿ ಕಣೋ ಅಂದ. ಕೈ ತೊಳೆಯುತ್ತಾ, ಹೋದ ಚಳಿಗಾಲದಲ್ಲಿ ಸಾಬ್ರು ಹೋಗ್ಬಿಟ್ರು, ಗೊತ್ತಾಯ್ತಾ ನಿಂಗೆ ಅಂದ. ಗೊತ್ತಿರಲಿಲ್ಲ.

ವೇದಿಕೆ ಅದೇ ಸ್ಟೇಷನ್ ಅಂಗಳದಲ್ಲಿ. ಹುಣಸೆಮರ ಇತ್ತು. ದಾವಣಗೆರೆಯಿಂದ ತರಿಸಿದ ಪೆಟ್ಟಿಗೆ ಪೆಟ್ಟಿಗೆ ಸ್ಪೀಕರು. ಸಂಜೆ ಬೇಗ ಶುರುಮಾಡಿದರು, ಗಾಯಕಿ ತಯಾರಾಗಿರಲಿಲ್ಲ, ನನ್ನನ್ನು ತಳ್ಳಿದರು. ಫಲಿತಾಂಶದ ಹಲಗೆಯ ಹಿಂಭಾಗ ನೋಡೋ ಜಾಗಕ್ಕೆ ಬಂದಿದ್ದೆ, ಬಾಂಗು ಶುರುವಾಯ್ತು. ಮಸೀದಿಗೆ ಈಗ ಅವರದೇ ಮೈಕಿದೆ, ನಮ್ಮದಕ್ಕಿಂತ ಜೋರು. ನಿಲ್ಲಿಸಬೇಕಾದ ಅಗತ್ಯ ಏನೂ ಇರಲಿಲ್ಲ. ನನ್ನ ಹೆಬ್ಬೆರಳು ತಾನೇ ಮೈಕಿನ ಸ್ವಿಚ್ಚು ಒತ್ತಿತು.

ಹುಡುಗರು ಸಿಳ್ಳೆ ಹಾಕಿದರು. ಮ್ಯಾನೇಜರು ಪಕ್ಕದಿಂದ ಕೈ ಬೀಸುತ್ತಾ, ಏನಾಯ್ತೋ ಅಂತ ಬರೀ ಬಾಯಲ್ಲಿ ಕೇಳುತ್ತಿದ್ದ. ನಾನು ಮುಂದಿನ ಸಾಲು ನೋಡುತ್ತಿದ್ದೆ. ತಲೆ ಹಣ್ಣಾದವರು ಕೆಲವರು ಯಾರನ್ನೂ ಕೇಳದೆ ಬೀಡಿ ತೆಗೆದರು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಮೂಲೆಗೆ ಹೋದಳು. ಮಾವ ಕುರ್ಚಿಗೆ ಒರಗಿ ಸೊಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಹನಿ ಇರಲಿಲ್ಲ, ವಾಸನೆ ಇತ್ತು.

ಬಾಂಗು ಮುಗಿಯಿತು. ಸ್ವಿಚ್ಚು ಹಾಕಿದೆ. ಒಂದು ಸಲ ಉಫ್ ಅಂತ ಊದಿದೆ. ಏನು ಮಾಡುತ್ತಿದ್ದೇನೆ ಅಂತ ಯೋಚಿಸೋ ಮುಂಚೆ ಅದು ಬಾಯಿಂದ ಬಂತು. ಅಷ್ಟು ವರ್ಷ ಎಷ್ಟು ಹಿಡಿದರೂ ಸಿಗದ ದನಿ.

"ಹೂಂ, ಹೇಳಿ ಸ್ವಾಮಿ."

ಮಾವ ನನ್ನ ಕಡೆ ನೋಡಲಿಲ್ಲ. ಬಗ್ಗಿ ವೇದಿಕೆಯ ಕೆಳಗೆ ನೋಡಿದ.